ನಂದಿಬೆಟ್ಟದ ಓಟಗಾರರು ಲೇಹ್‌ಗೆ ಹೊರಡುವ ಮುನ್ನ: ನೀರಿನ ಲೆಕ್ಕಾಚಾರ

ಚಿಕ್ಕಬಳ್ಳಾಪುರದ ಸುತ್ತಮುತ್ತ ಓಟದ ಅಭ್ಯಾಸ ಮಾಡುವವರಿಗೆ ಎತ್ತರವೆಂದರೆ ನಂದಿಬೆಟ್ಟ. ಅದರ ನೆತ್ತಿ ಇರುವುದು 1,478 ಮೀಟರ್ ಎತ್ತರದಲ್ಲಿ. ಸೆಪ್ಟೆಂಬರ್‌ನ ಲಡಾಖ್ ಮ್ಯಾರಥಾನ್‌ಗಾಗಿ ನಾವು ಕೆಲವು ಗೆಳೆಯರು ಅಭ್ಯಾಸಕ್ಕೆ ಹೋಗಿದ್ದ ಲೇಹ್ ಪಟ್ಟಣವಾದರೋ ಸುಮಾರು 3,500 ಮೀಟರ್ ಎತ್ತರದಲ್ಲಿದ್ದು, ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟೇ ಇರುತ್ತದೆ. ಅದೇ ಪ್ರಯಾಣಕ್ಕೆ ಸಿದ್ಧರಾಗುತ್ತಿರುವವರು ಬೂಟು, ಬಟ್ಟೆಗಳಿಗಿಂತ ಮೊದಲು ನೀರಿನ ಬಗ್ಗೆ ಯೋಚಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಬಯಲುಸೀಮೆಯವರಾದ ನಮಗೆ ಬೆವರೇ ಸೂಚನೆ; ಅಂಗಿ ತೊಯ್ದಾಗ ನೀರು ಕುಡಿಯುವುದು ರೂಢಿ. ಲೇಹ್‌ನ ಒಣಗಾಳಿಯಲ್ಲಿ ಬೆವರು ಮೂಡಿದ ಕ್ಷಣವೇ ಆರಿಹೋಗುವುದರಿಂದ ಆ ಸೂಚನೆ ಸಿಗುವುದೇ ಇಲ್ಲ. ಆಮ್ಲಜನಕ ಸಾಲದೆ ಉಸಿರಾಟ ಹೆಚ್ಚಾಗುವುದರಿಂದ ಪ್ರತಿ ಉಸಿರಿನ ಜೊತೆ ತೇವಾಂಶವೂ ಹೊರಹೋಗುತ್ತದೆ. ಹಾಗೆ ಹೆಚ್ಚು ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಅದನ್ನು ಸರಿದೂಗಿಸಲು ಮೂತ್ರಪಿಂಡಗಳು ಬೈಕಾರ್ಬೊನೇಟನ್ನು ನೀರಿನೊಂದಿಗೆ ಹೊರಹಾಕುವುದರಿಂದ ಮೊದಲ ದಿನಗಳಲ್ಲಿ ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಇದು ದೇಹ ಹೊಂದಿಕೊಳ್ಳುತ್ತಿರುವ ಲಕ್ಷಣವಾದ್ದರಿಂದ ಗಾಬರಿಪಟ್ಟು ನೀರು ಕಡಿಮೆ ಮಾಡಬಾರದು. ಇಷ್ಟೆಲ್ಲ ನಷ್ಟವಾಗುತ್ತಿದ್ದರೂ ಚಳಿಯಲ್ಲಿ ಬಾಯಾರಿಕೆ ಮಾತ್ರ ಅಷ್ಟಾಗಿ ಆಗುವುದಿಲ್ಲ.

ದೆಹಲಿಯಿಂದ ಲೇಹ್‌ಗೆ ವಿಮಾನಗಳು ಹೆಚ್ಚಾಗಿ ಬೆಳಗಿನ ಹೊತ್ತಿನಲ್ಲಿರುತ್ತವೆ. ದೇವನಹಳ್ಳಿಯಿಂದ ರಾತ್ರಿ ಹೊರಟವರು ನಿದ್ದೆಗೆಟ್ಟು, ಬರೀ ಕಾಫಿ ಕುಡಿದು ಇಳಿಯುವಂತಾಗಬಾರದು. ಪ್ರಯಾಣದುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ನೀರು ಕುಡಿಯುತ್ತಿರಬೇಕು. ಇಳಿದ ಮೇಲೆ ಮೊದಲ ಎರಡು ದಿನ ಓಟದ ಮಾತೇ ಬೇಡ.

ಅಭ್ಯಾಸ ಆರಂಭವಾದ ಮೇಲೆ ನಮಗೆ ಅತ್ಯಂತ ಉಪಯುಕ್ತವಾದದ್ದು ತೂಕದ ಯಂತ್ರ. ಓಟಕ್ಕೆ ಮೊದಲು ಮತ್ತು ನಂತರ ತೂಕ ನೋಡಿದರೆ, ಇಳಿದ ಪ್ರತಿ ಕಿಲೋಗೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹೋಗಿದೆ ಎಂದರ್ಥ. ಅದರ ಒಂದೂಕಾಲರಿಂದ ಒಂದೂವರೆ ಪಟ್ಟು ನೀರನ್ನು ಮುಂದಿನ ಕೆಲವು ಗಂಟೆಗಳಲ್ಲಿ ನಿಧಾನವಾಗಿ ಕುಡಿಯಬೇಕು. ತೂಕ ಶೇಕಡಾ 2ಕ್ಕಿಂತ ಹೆಚ್ಚು ಇಳಿದಿದ್ದರೆ ಓಡುವಾಗ ಕುಡಿದದ್ದು ಸಾಲಲಿಲ್ಲವೆಂದು ತಿಳಿಯಬೇಕು. ತೂಕ ಏರಿದ್ದರೆ ಅದು ಇನ್ನೂ ಎಚ್ಚರಿಕೆಯ ವಿಷಯ. ಉಪ್ಪಿನಂಶವಿಲ್ಲದೆ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಕುಸಿದು ತಲೆನೋವು, ವಾಕರಿಕೆ, ಗೊಂದಲ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಮೂತ್ರದ ಬಣ್ಣ ತಿಳಿಹಳದಿಯಾಗಿದ್ದರೆ ಸಾಕು, ನೀರಿನಂತೆ ಬೆಳ್ಳಗಿರಬೇಕಿಲ್ಲ. ಬಿ-ಕಾಂಪ್ಲೆಕ್ಸ್ ಮಾತ್ರೆಯೇ ಮೂತ್ರವನ್ನು ಗಾಢ ಹಳದಿಯಾಗಿಸುವುದರಿಂದ, ಅದನ್ನು ನುಂಗುವವರು ಮಾತ್ರ ಈ ಬಣ್ಣವನ್ನು ನೆಚ್ಚಬಾರದು.

ಒಆರ್‌ಎಸ್ ಪೊಟ್ಟಣಗಳನ್ನು ಊರಿನಿಂದಲೇ ಒಯ್ಯುವುದು ಒಳ್ಳೆಯದು. ಒಂದು ಲೀಟರಿಗೆಂದು ಬರೆದಿರುವುದನ್ನು ಒಂದೇ ಲೀಟರಿಗೆ ಬೆರೆಸಬೇಕು. ಬೆಳಗಿನ ಕೊರೆಯುವ ಚಳಿಯಲ್ಲಿ ತಣ್ಣೀರು ಗಂಟಲಿಗಿಳಿಯುವುದಿಲ್ಲವಾದ್ದರಿಂದ ಫ್ಲಾಸ್ಕಿನಲ್ಲಿ ಬಿಸಿನೀರು ಇಟ್ಟುಕೊಳ್ಳುತ್ತಿದ್ದೆವು. ಮನೆಯಿಂದ ಒಯ್ದಿದ್ದ ರಾಗಿ ಹುರಿಹಿಟ್ಟನ್ನು ಬೆಲ್ಲ ಮತ್ತು ಚಿಟಿಕೆ ಉಪ್ಪಿನೊಂದಿಗೆ ಅದರಲ್ಲಿ ಕದಡಿ ಕುಡಿದಾಗ ಹಸಿವು, ದಾಹ ಎರಡೂ ತಣಿಯುತ್ತಿದ್ದವು. ಹಸಿವು ಅಷ್ಟಾಗಿ ಆಗದ ಆ ಊರಿನಲ್ಲಿ ಅದಕ್ಕಿಂತ ಹಿತವಾದದ್ದು ನನಗೆ ಬೇರೆ ಸಿಗಲಿಲ್ಲ. ಉಪ್ಪು ಹಾಕಿದ ಅಲ್ಲಿನ ಬೆಣ್ಣೆ ಚಹಾ ಕೂಡ ಒಗ್ಗಿದವರಿಗೆ ಒಳ್ಳೆಯದೇ. ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ, ಕುಡಿಯುವ ನೀರನ್ನು ಮೂರು ನಿಮಿಷ ಚೆನ್ನಾಗಿ ಕುದಿಸಿಕೊಳ್ಳಬೇಕು.

ಪಟ್ಟಣದಿಂದ ಚೋಗ್ಲಮ್ಸರ್ ಕಡೆಗೆ, ಸಿಂಧೂ ನದಿಯತ್ತ ಓಡುವಾಗ ದಾರಿ ಇಳಿಜಾರು, ಹಿಂತಿರುಗುವಾಗ ಏರು. ಇಳಿಯುವಾಗ ಸಲೀಸೆಂದು ನೀರನ್ನು ಖಾಲಿ ಮಾಡದೆ, ಅರ್ಧಕ್ಕಿಂತ ಹೆಚ್ಚನ್ನು ಮರಳುವ ದಾರಿಗೆ ಉಳಿಸಿಕೊಳ್ಳಬೇಕು.

ಎತ್ತರದ ಕಾಯಿಲೆ ಬಾರದಿರಲೆಂದು ನುಂಗುವ ಡೈಯಾಮಾಕ್ಸ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ. ಅದು ಮೂತ್ರವನ್ನು ಇನ್ನಷ್ಟು ಹೆಚ್ಚಿಸುತ್ತದೆ. ನೀರು ಎಷ್ಟು ಕುಡಿದರೂ ಅದು ಎತ್ತರದ ಕಾಯಿಲೆಯನ್ನು ತಡೆಯುವುದಿಲ್ಲವೆಂಬುದನ್ನೂ ಮರೆಯಬಾರದು. ನೀರು ಕುಡಿದು ವಿಶ್ರಮಿಸಿದರೂ ತಲೆನೋವು ಬಿಡದಿದ್ದರೆ, ವಾಂತಿ ಅಥವಾ ತೂರಾಡುವಿಕೆ ಕಂಡರೆ, ಬಾಟಲಿಯನ್ನು ಬದಿಗಿಟ್ಟು ಲೇಹ್‌ನ ಸೋನಂ ನೋರ್ಬೂ ಸ್ಮಾರಕ ಆಸ್ಪತ್ರೆಗೆ ತಡಮಾಡದೆ ಹೋಗಿ.