ಹತ್ತುವವರಿಗೆ ಮೊದಲು ದಾರಿ

"ನೀವು ಹತ್ತುತ್ತಿದ್ದೀರಿ, ದಾರಿ ನಿಮ್ಮದೇ" ಅಂದರು ಆ ಅಜ್ಜ. ಭಾನುವಾರದಿಂದ ಇದೇ ಮಾತು ತಲೆಯಲ್ಲಿ ಕೂತಿದೆ.

ಅಮೆರಿಕದ ಕೊಲೊರಾಡೋದ ಎಂಜಿನಿಯರ್ ಪಾಸ್, 12,800 ಅಡಿ ಎತ್ತರದ ಬೆಟ್ಟದಾರಿ. ಸಿಲ್ವರ್ಟನ್ ಕಡೆಯಿಂದ ಬಾಡಿಗೆ ಜೀಪಿನಲ್ಲಿ ಹತ್ತುತ್ತಿದ್ದೆವು. ಗೇರು ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ನಿಧಾನಕ್ಕೆ ಹತ್ತಿಸೋದು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ, ತಡೆಗೋಡೆ ಕೂಡ. ತಿರುವಿನಲ್ಲಿ ಎದುರಿಗೆ ಹಳೇ ಪಿಕಪ್. ಅಜ್ಜ ಕಿಟಕಿಯಿಂದ ಕೈ ಚಾಚಿ ಒಂದು ಬೆರಳು ಎತ್ತಿದರು. ಹಿಂದೆ ಇನ್ನೂ ಒಂದು ಗಾಡಿ ಇದೆ ಅಂತ ಅರ್ಥ, ಈ ದಾರಿಗಳಲ್ಲಿ ಹೇಳೋದೇ ಹೀಗೆ. ಹಿಂದಿನದು ಹೊಳೆಯುವ ಹೊಸ ಜೀಪು, ಒಳಗೆ ಹುಡುಗರು, ಹಾರ್ನ್ ಮೇಲೆ ಹಾರ್ನ್. ಇಂಥವರನ್ನ ಕಂಡರೆ ನನಗೆ ಆಗಲ್ಲ. ಅಜ್ಜ ಇಳಿದು ಹೋಗಿ ಅವರಿಗೆ ಏನೋ ಹೇಳಿ, ಮೊದಲು ಅವರನ್ನ ಹಿಂದೆ ಕಳಿಸಿ, ಆಮೇಲೆ ಕನ್ನಡಿ ನೋಡಿಕೊಂಡು, ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಅಗಲ ಜಾಗ ಸಿಗುವವರೆಗೂ ರಿವರ್ಸ್ ಹೋದರು. ಪಕ್ಕ ದಾಟುವಾಗ ಥ್ಯಾಂಕ್ಸ್ ಅಂದೆ. ಆಗ ಬಂದ ಮಾತು ಅದು.

ದೊಡ್ಡ ಉಪಕಾರವೇನಲ್ಲ, ಬೆಟ್ಟದ ರಸ್ತೆಯ ನಿಯಮ. ನಮ್ಮ ದೇಶದಲ್ಲೂ ಇರೋದೇ. ಆದರೆ ಆಗುಂಬೆ ಘಾಟಿಯಲ್ಲಿ ಇಳಿಯುವ ಕಾರಿನವರು ನಿಂತು ದಾರಿ ಬಿಟ್ಟಿದ್ದನ್ನ ನಾನಂತೂ ನೋಡಿಲ್ಲ.

ವಾಪಸ್ ಬರುವಾಗ ಅನಿಮಾಸ್ ಫೋರ್ಕ್ಸ್‌ನಲ್ಲಿ ನಿಂತೆವು. ಬೆಳ್ಳಿ, ಚಿನ್ನ ಅಗೆಯಲು ಬಂದವರು 11,200 ಅಡಿ ಎತ್ತರದಲ್ಲಿ ಕಟ್ಟಿದ ಊರು, ಈಗ ಪಾಳು. 1884ರಲ್ಲಿ 23 ದಿನ ಬಿಡದೆ ಹಿಮಗಾಳಿ ಬೀಸಿ, ಜನ ಮನೆಯಿಂದ ಮನೆಗೆ ಹಿಮದೊಳಗೇ ಸುರಂಗ ತೋಡಿಕೊಂಡು ಓಡಾಡಿದರಂತೆ. ಅಂಥಾ ಜಾಗದಲ್ಲಿ ಶೋಕಿಗೆ ಬೇ ವಿಂಡೋ, ಅಂದರೆ ಗೋಡೆಯಿಂದ ಹೊರಚಾಚಿದ ಕಿಟಕಿ, ಇಟ್ಟು ಕಟ್ಟಿಸಿದ ಮನೆಯೊಂದು ಇನ್ನೂ ನಿಂತಿದೆ. ಬೂದು ಹಲಗೆ ಸವರಿದರೆ ಮರದ ಗೆರೆಗಳು ಬೆರಳಿಗೆ ತಾಗುತ್ತವೆ.

ನನಗೆ ಅಲ್ಲೂ ಅಜ್ಜನ ಮಾತೇ. ದಾರಿ ನಿಮ್ಮದೇ. ಗಣಿಯವರು ಹತ್ತಿ ಬಂದಾಗ ಇದು ಇಲ್ಲಿನ ಮೂಲನಿವಾಸಿಗಳಾದ ಯೂಟ್ ಜನರ ನೆಲ. 1873ರ ಒಪ್ಪಂದದಲ್ಲಿ ಈ ಬೆಟ್ಟಗಳನ್ನ ಅವರು ಬಿಟ್ಟುಕೊಡಬೇಕಾಯಿತು. ಹತ್ತಿ ಬಂದವರು ಅಗೆದರು, ಲಾಭ ನಿಂತಮೇಲೆ ಊರನ್ನೂ ಬಿಟ್ಟು ಇಳಿದು ಹೋದರು. ದಾರಿ ಬಿಟ್ಟವರಿಗೆ ಏನು ಸಿಕ್ತು?

ಇದನ್ನೆಲ್ಲ ಹೇಳಿದ್ದಕ್ಕೆ ನನ್ನ ಹೆಂಡತಿ, "ಅಜ್ಜ ಹೇಳಿದ್ದು ಟ್ರಾಫಿಕ್ ಬಗ್ಗೆ ಕಣ್ರೀ, ಸುಮ್ನೆ ಎದುರು ನೋಡಿಕೊಂಡು ಓಡಿಸಿ" ಅಂದಳು. ಇರಬಹುದು. ಅಜ್ಜನನ್ನ ಕೇಳಿದ್ದರೆ ಅವರೂ ಅದನ್ನೇ ಅನ್ನುತ್ತಿದ್ದರೇನೋ.