ಗಂಜಿ, ಮುದ್ದೆ ಮತ್ತು ಸ್ಲೇಡ್ ಜೈಲಿನ ಕೋಣೆ

ಇಂಗ್ಲೆಂಡಿನ ರೆಡಿಂಗಿಗೆ ಕೆಲಸಕ್ಕೆಂದು ಬಂದ ಮೊದಲ ವರ್ಷ ನಾನು ಒಬ್ಬ ವೃದ್ಧರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವ ಆ ಊರಿನಲ್ಲಿ, ಸಂಜೆಯ ಚಹಾದ ಹೊತ್ತಿಗೆ ಅವರು ನನ್ನನ್ನು ಕೆಳಗೆ ಕರೆದು, ಹಳೆಯ ಹಾಸ್ಯ ಧಾರಾವಾಹಿಗಳ ಕ್ಯಾಸೆಟ್‌ಗಳಲ್ಲಿ ಒಂದನ್ನು ಹಾಕುತ್ತಿದ್ದರು. ಒಂದು ದಿನ ಬಂದದ್ದು ಬಿಬಿಸಿಯ 'ಪಾರಿಜ್'. ಜೈಲಿನ ಕಥೆಗೆ ಗಂಜಿಯ ಹೆಸರೇಕೆ ಎಂದು ಕೇಳಿದೆ. ಇಲ್ಲಿನ ಆಡುಮಾತಿನಲ್ಲಿ ಸೆರೆವಾಸ ಅನುಭವಿಸುವುದಕ್ಕೆ ಹಾಗೆನ್ನುತ್ತಾರೆ, ಜೈಲಿನಲ್ಲಿ ಬೆಳಗಿನ ಆಹಾರ ಅದೇ ತಾನೆ ಎಂದರು. ನಮ್ಮ ಕಡೆ ಜೈಲಿಗೆ ಹೋದವನು ಮುದ್ದೆ ಮುರಿಯುತ್ತಾನೆ ಎಂದು ನಾನು ಹೇಳಿದಾಗ, ರಾಗಿ ಎಂದರೇನು, ಮುದ್ದೆಯನ್ನು ಹೇಗೆ ಮುರಿಯುತ್ತಾರೆ, ಅಗಿಯದೆ ಹೇಗೆ ನುಂಗುತ್ತಾರೆ ಎಂದೆಲ್ಲ ಕೇಳಿ ತಿಳಿದುಕೊಂಡ ಮೇಲೆಯೇ ಅವರು ಕ್ಯಾಸೆಟ್ಟನ್ನು ಮುಂದುವರಿಸಿದ್ದು.

ಡಿಕ್ ಕ್ಲೆಮೆಂಟ್ ಮತ್ತು ಇಯಾನ್ ಲಾ ಫ್ರೆನೆ ಬರೆದ ಈ ಧಾರಾವಾಹಿ 1974ರಿಂದ 1977ರವರೆಗೆ ಪ್ರಸಾರವಾಯಿತು. ಕಥೆ ನಡೆಯುವುದು ಸ್ಲೇಡ್ ಎಂಬ ಕಲ್ಪಿತ ಜೈಲಿನಲ್ಲಿ. ಐದು ವರ್ಷದ ಶಿಕ್ಷೆಗೆ ಗುರಿಯಾದ ಹಳೆಯ ಕಳ್ಳ ಫ್ಲೆಚರನಾಗಿ ರಾನಿ ಬಾರ್ಕರ್, ಮೊದಲ ಬಾರಿ ಜೈಲು ಕಂಡ ಹುಡುಗ ಗಾಡ್ಬರನಾಗಿ ರಿಚರ್ಡ್ ಬೆಕಿನ್‌ಸೇಲ್. ಮೊದಲ ಸರಣಿಯ ಒಂದು ಕಂತು ನನಗೆ ಇಂದಿಗೂ ಎಲ್ಲಕ್ಕಿಂತ ಪ್ರಿಯವಾದದ್ದು. ಅದು ನಡೆಯುವುದು ಬಹುಪಾಲು ಇಬ್ಬರ ನಡುವೆ, ಒಂದೇ ಕೋಣೆಯಲ್ಲಿ, ಬಾಗಿಲಿಗೆ ಬೀಗ ಬಿದ್ದ ಮೇಲಿನ ಒಂದು ರಾತ್ರಿಯಲ್ಲಿ. ಸಂಜೆಯೇ ಕೂಡಿಹಾಕಿಬಿಡುವುದು ಸಹಿಸಲಾಗದೆ ಒದ್ದಾಡುವ ಹುಡುಗನಿಗೆ ಫ್ಲೆಚರ್ ಉಪದೇಶ ಮಾಡುವುದಿಲ್ಲ. ಇವತ್ತು ಎಲ್ಲಿಗೂ ಹೋಗದೆ ಮನೆಯಲ್ಲೇ ಉಳಿದಿದ್ದೇವೆ ಅಂದುಕೋ ಎಂಬ ಅರ್ಥದ ಮಾತನ್ನು ಹೇಳಿ, ಹೊರಗಿದ್ದರೆ ಏನು ಮಾಡುತ್ತಿದ್ದೆವು ಎಂಬ ಹರಟೆಗೆ ಎಳೆಯುತ್ತಾನೆ. ನಗು ಬರುವುದು ಆ ಹರಟೆಯಿಂದ. ಆದರೆ ಆ ಹರಟೆ ಹುಟ್ಟುವುದೇ ಬೀಗ ಬಿದ್ದ ಬಾಗಿಲಿನಿಂದ. ಪರದೇಶದಲ್ಲಿ ಮೊದಲ ಚಳಿಗಾಲ ಕಳೆಯುತ್ತಿದ್ದ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಂದಿನಿಂದ ಈ ಹಳೆಯ ಧಾರಾವಾಹಿಗಳನ್ನು ನೋಡುವಾಗಲೆಲ್ಲ ನಾನು ಗಮನಿಸುವುದು ಅವುಗಳ ಕೋಣೆಯನ್ನು. 'ಸ್ಟೆಪ್‌ಟೋ ಅಂಡ್ ಸನ್'ನಲ್ಲಿ ಗುಜರಿ ಸಾಮಾನು ತುಂಬಿದ ಮನೆಯಲ್ಲಿ ಅಪ್ಪ ಮಗ ಒಬ್ಬರನ್ನೊಬ್ಬರು ಬಿಟ್ಟಿರಲಾರದೆ, ಸಹಿಸಲಾರದೆ ಬದುಕುತ್ತಾರೆ. 'ಡ್ಯಾಡ್ಸ್ ಆರ್ಮಿ'ಯಲ್ಲಿ ಎರಡನೆಯ ಮಹಾಯುದ್ಧದ ಕಾಲದ ಊರಕಾವಲು ಪಡೆಯೊಂದು ಚರ್ಚಿನ ಸಭಾಂಗಣದಲ್ಲಿ ಕವಾಯತು ಮಾಡುತ್ತದೆ. ಇಲ್ಲಿ ಯಾರೂ ಎದ್ದು ಹೋಗುವಂತಿಲ್ಲ, ಮುಂದಿನ ವಾರವೂ ಅದೇ ಜಾಗ, ಅದೇ ಜನ. ಹಾಗಿದ್ದಾಗ ಇವುಗಳನ್ನು ಸಿನಿಮಾ ಮಾಡಹೊರಟವರ ಕಷ್ಟ ಎಂಥದ್ದೆಂದು ಊಹಿಸಬಹುದು.

ಮಾಡಿದವರೇನೂ ಒಬ್ಬಿಬ್ಬರಲ್ಲ. ಅರವತ್ತರ ದಶಕದ ಕೊನೆಯಲ್ಲಿ ಅಮೆರಿಕದ ಬಂಡವಾಳ ಬ್ರಿಟಿಷ್ ಚಿತ್ರರಂಗದಿಂದ ಹಿಂದೆ ಸರಿದಾಗ, ಜನ ಮನೆಯಲ್ಲಿ ಪ್ರತಿವಾರ ನೋಡುತ್ತಿದ್ದ ಮುಖಗಳೇ ನಿರ್ಮಾಪಕರಿಗೆ ಭರವಸೆಯಾಗಿ ಕಂಡವು. ಬಹಳಷ್ಟು ಮನೆಗಳಲ್ಲಿ ಆಗಿನ್ನೂ ಕಪ್ಪುಬಿಳುಪು ಟಿವಿಯಿತ್ತು. ಮೆಚ್ಚಿನ ಪಾತ್ರಗಳನ್ನು ದೊಡ್ಡ ಪರದೆಯ ಮೇಲೆ ಬಣ್ಣದಲ್ಲಿ ನೋಡುವುದೇ ಒಂದು ಸಂಭ್ರಮವಾಗಿದ್ದಿರಬೇಕು. ಭಯಾನಕ ಚಿತ್ರಗಳಿಗೆ ಹೆಸರಾದ ಹ್ಯಾಮರ್ ಸಂಸ್ಥೆ 1971ರಲ್ಲಿ ತೆಗೆದ 'ಆನ್ ದ ಬಸಸ್' ಎಷ್ಟು ಗಳಿಸಿತೆಂದರೆ, ಮುಂದಿನ ಎರಡು ವರ್ಷಗಳಲ್ಲಿ ಇನ್ನೆರಡು ಭಾಗಗಳು ಬಂದವು. ಕಥೆ ಸಾಲದಾದಾಗ ಪಾತ್ರಗಳನ್ನು ರಜೆಗೆ ಕಳುಹಿಸುವುದೊಂದು ಪದ್ಧತಿಯೇ ಆಯಿತು. 1972ರ ಚಿತ್ರದಲ್ಲಿ ಸ್ಟೆಪ್‌ಟೋ ಮಗ ಮಧುಚಂದ್ರಕ್ಕೆ ಸ್ಪೇನಿಗೆ ಹೋದರೆ ಅಪ್ಪನೂ ಜೊತೆಗೆ ಹೊರಡುತ್ತಾನೆ. 'ಆರ್ ಯು ಬೀಯಿಂಗ್ ಸರ್ವ್ಡ್?' ಧಾರಾವಾಹಿಯ ಬಟ್ಟೆ ಅಂಗಡಿಯ ಸಿಬ್ಬಂದಿ 1977ರಲ್ಲಿ ಕಾಸ್ಟಾ ಪ್ಲಾಂಕಾ ಎಂಬ ಕಲ್ಪಿತ ಕಡಲತೀರಕ್ಕೆ ಇಡಿಯಾಗಿ ಹೋಗುತ್ತಾರೆ. ಇವುಗಳನ್ನು ನಾನು ಪ್ರೀತಿಯಿಂದಲೇ ನೋಡಿದ್ದೇನೆ, ಆದರೆ ಎರಡನೆಯ ಸಲ ನೋಡಬೇಕೆನಿಸಿಲ್ಲ.

ಈ ಸಿನಿಮಾಗಳಲ್ಲಿ ಕಾಣೆಯಾಗುವ ಇನ್ನೊಂದು ಸಂಗತಿ ಪ್ರೇಕ್ಷಕರ ನಗು. ಟಿವಿಯ ಕಂತುಗಳನ್ನು ಸ್ಟುಡಿಯೋದಲ್ಲಿ ಜನರನ್ನು ಕೂರಿಸಿ ಚಿತ್ರೀಕರಿಸುತ್ತಿದ್ದರು. ನಟ ಒಂದು ಮಾತು ಆಡಿ, ನಗೆಯ ಅಲೆ ಏರಿ ಇಳಿಯುವವರೆಗೆ ಕಾದು, ಸರಿಯಾದ ಕ್ಷಣಕ್ಕೆ ಮುಂದಿನ ಮಾತು ಎತ್ತಿಕೊಳ್ಳುತ್ತಿದ್ದ. ಅದು ನಾಟಕದ ಲಯ. ನಮ್ಮ ವೃತ್ತಿ ರಂಗಭೂಮಿಯ ಹಾಸ್ಯನಟರನ್ನು ನೋಡಿದವರಿಗೆ ಗೊತ್ತಿರುವಂಥದ್ದೇ. ಸಿನಿಮಾದಲ್ಲಿ ನಟರು ಅದೇ ಅಭ್ಯಾಸದಲ್ಲಿ ತುಸು ನಿಲ್ಲುತ್ತಾರೆ, ಆದರೆ ಆ ಜಾಗವನ್ನು ತುಂಬುವವರು ಯಾರೂ ಇರುವುದಿಲ್ಲ. ನಾವಿಬ್ಬರೇ ಕುಳಿತು ನೋಡುವಾಗ ಮನೆಯೊಡೆಯರು ಆ ಬಿಡುವುಗಳಲ್ಲಿ ಜೋರಾಗಿ ನಗುತ್ತಿದ್ದರು. ಅವರು ನಕ್ಕಾಗ ದೃಶ್ಯ ನಿಜವಾಗಿಯೂ ಚೇತರಿಸಿಕೊಳ್ಳುತ್ತಿತ್ತು.

1971ರ 'ಡ್ಯಾಡ್ಸ್ ಆರ್ಮಿ' ಚಿತ್ರ ಮಾತ್ರ ನನ್ನನ್ನು ಎರಡು ಕಡೆಗೂ ಎಳೆಯುತ್ತದೆ. ಟಿವಿಯಲ್ಲಿ ಶತ್ರು ಬಹುಮಟ್ಟಿಗೆ ಕಣ್ಣಿಗೆ ಬೀಳದ ಭಯವಾಗಿದ್ದ. ಸಿನಿಮಾ ಜರ್ಮನ್ನರ ಪಾಳಯವನ್ನೇ ತೋರಿಸಿ, ನದಿಯಲ್ಲಿ ಕುದುರೆಯನ್ನು ತೇಲಿಬಿಟ್ಟು, ಬಯಲು ತುಂಬ ಓಡಾಡುತ್ತದೆ. ಆದರೂ ಕೊನೆಗೆ ಜರ್ಮನ್ನರು ಊರಿನವರನ್ನು ಒತ್ತೆಯಾಗಿ ಹಿಡಿಯುವುದು ಅದೇ ಚರ್ಚ್ ಸಭಾಂಗಣದಲ್ಲಿ. ಆರ್ಥರ್ ಲೋ ಅಭಿನಯದ ಕ್ಯಾಪ್ಟನ್ ಮ್ಯಾನರಿಂಗ್, ಐದು ದಿನವೂ ಬ್ಯಾಂಕಿನಲ್ಲಿ ಲೆಕ್ಕ ನೋಡುವ ಆ ಗಿಡ್ಡ ಮನುಷ್ಯ, ಒಳಗೆ ಕಾಲಿಟ್ಟು ಎದುರು ನಿಂತಾಗ ಅವನ ಜಂಭದ ಅಡಿಯಲ್ಲಿದ್ದ ಧೈರ್ಯ ಬಯಲಾಗುತ್ತದೆ. ಅವನ ಪಡೆಯಲ್ಲಿ ಗಾಡ್‌ಫ್ರಿ ಎಂಬ ಮೃದು ಸ್ವಭಾವದ ಮುದುಕನಿದ್ದಾನೆ. ಕಥೆಯಲ್ಲಿ ಅವನು ಮೊದಲನೆಯ ಮಹಾಯುದ್ಧದಲ್ಲಿ ಆಯುಧ ಹಿಡಿಯಲು ನಿರಾಕರಿಸಿದವನು; ಆ ಪಾತ್ರ ಮಾಡಿದ ಆರ್ನಲ್ಡ್ ರಿಡ್ಲಿ ಅದೇ ಯುದ್ಧದ ಸೋಮ್ ಕದನದಲ್ಲಿ ತೀವ್ರವಾಗಿ ಗಾಯಗೊಂಡವರು. ಇದನ್ನು ತಿಳಿದ ಮೇಲೆ ಅವರ ಸೌಮ್ಯವಾದ ಮಾತನ್ನು ನಾನು ಮೊದಲಿನಂತೆ ಕೇಳಲಾರೆ.

ಈ ಎಲ್ಲ ಚಿತ್ರಗಳಲ್ಲಿ ತನ್ನ ಮೂಲವನ್ನು ಪೂರ್ತಿ ಅರ್ಥಮಾಡಿಕೊಂಡದ್ದು 1979ರ 'ಪಾರಿಜ್' ಎಂದೇ ನನ್ನ ನಂಬಿಕೆ. ಹಿಂದಿನ ವರ್ಷದ ಬೆಂಕಿಯಿಂದಾಗಿ ಚೆಮ್ಸ್‌ಫರ್ಡ್ ಜೈಲು ಖಾಲಿಯಾಗಿತ್ತು. ಚಿತ್ರೀಕರಣ ಅಲ್ಲಿಯೇ ನಡೆಯಿತು. ಆದ್ದರಿಂದ ಆ ಗೋಡೆಗಳು, ಕಬ್ಬಿಣದ ಮೆಟ್ಟಿಲುಗಳು ನಿಜವಾದವು. ಕಥೆಯಲ್ಲಿ ಒಂದು ಫುಟ್‌ಬಾಲ್ ಪಂದ್ಯದ ಮರೆಯಲ್ಲಿ ಬೇರೊಬ್ಬ ಕೈದಿ ತಪ್ಪಿಸಿಕೊಳ್ಳುವಾಗ, ಫ್ಲೆಚರ್ ಮತ್ತು ಗಾಡ್ಬರ್ ತಮಗೆ ಬೇಡದೆಯೇ ಹೊರಗೆ ಬಂದುಬಿಡುತ್ತಾರೆ. ಸಿಕ್ಕಿಬಿದ್ದರೆ ಶಿಕ್ಷೆ ಹೆಚ್ಚಾದೀತೆಂದು, ಯಾರಿಗೂ ಗೊತ್ತಾಗದಂತೆ ಜೈಲಿನೊಳಕ್ಕೆ ಮರಳಿ ನುಗ್ಗಲು ಇಬ್ಬರೂ ಪಡುವ ಪಾಡೇ ಮುಂದಿನ ಕಥೆ. ಉಳಿದವರು ಪಾತ್ರಗಳನ್ನು ಕೋಣೆಯಿಂದ ಬಿಡಿಸಲು ಉಪಾಯ ಹುಡುಕುತ್ತಿದ್ದರೆ, ಇಲ್ಲಿ ಪಾತ್ರಗಳೇ ತಮ್ಮ ಕೋಣೆಗಾಗಿ ಹೋರಾಡುತ್ತವೆ.

ಬೆಕಿನ್‌ಸೇಲ್ 1979ರ ಮಾರ್ಚ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಕೇವಲ 31. ಚಿತ್ರ ತೆರೆಗೆ ಬಂದದ್ದು ಅನಂತರ. ಅವರೇ ನಟಿಸಿದ್ದ 'ರೈಸಿಂಗ್ ಡ್ಯಾಂಪ್' ಧಾರಾವಾಹಿಯ ಚಿತ್ರ 1980ರಲ್ಲಿ ಬಂದಾಗ ಅದರಲ್ಲಿ ಅವರಿರಲಿಲ್ಲ. ನನ್ನ ಮನೆಯೊಡೆಯರು 'ಪಾರಿಜ್' ಚಿತ್ರ ಮುಗಿದ ಮೇಲೆ ಟಿವಿ ಆರಿಸುತ್ತಿರಲಿಲ್ಲ. ಕ್ಯಾಸೆಟ್ ಬದಲಾಯಿಸಿ, ಆ ಒಂದು ರಾತ್ರಿಯ ಕಂತನ್ನು ಮತ್ತೆ ಹಾಕಿ, ಇನ್ನೊಂದು ಲೋಟ ಚಹಾ ಮಾಡಲು ಎದ್ದು ಹೋಗುತ್ತಿದ್ದರು. ಅಡುಗೆಮನೆಯಿಂದ ಅವರು ಬರುವಷ್ಟರಲ್ಲಿ ಬೀಗ ಬಿದ್ದಿರುತ್ತಿತ್ತು, ಹುಡುಗ ಮಾತಾಡಲು ತೊಡಗಿರುತ್ತಿದ್ದ.