ಹನ್ನೊಂದು ದಾರಿಗಳು

ಕಳೆದ ದಸರಾ ರಜೆಗೆ ಅಕ್ಕನ ಮಗಳು ತಿಪಟೂರಿನಿಂದ ನಮ್ಮ ಮನೆಗೆ ಬಂದಿದ್ದಳು. ಅವಳೀಗ ಒಂಬತ್ತನೆಯ ತರಗತಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆ ಕಂಪ್ಯೂಟರ್ ವಿಜ್ಞಾನವಿರುವ ಪಿಸಿಎಂಸಿ ತೆಗೆದುಕೊಳ್ಳಬೇಕೆಂಬುದು ಅವಳ ಆಸೆಯಾದ್ದರಿಂದ, ಅಕ್ಕ ಹೇಗೋ ಹಣ ಹೊಂದಿಸಿ ಅವಳನ್ನು ಒಂದು ಆನ್‌ಲೈನ್ ಕೋಡಿಂಗ್ ತರಗತಿಗೆ ಸೇರಿಸಿದ್ದಳು. ಆರು ತಿಂಗಳಾದ ಮೇಲೆ ಅವಳ ಕೈಗೆ ಬಂದದ್ದು, ಬಣ್ಣದ ತುಂಡುಗಳನ್ನು ಎಳೆದು ಜೋಡಿಸಿ ಮಾಡಿದ ಒಂದು ಬೆಕ್ಕಿನ ಆಟ ಮತ್ತು ಹೊಳೆಯುವ ಒಂದು ಪ್ರಮಾಣಪತ್ರ. ಆಟವೇನೋ ಚೆನ್ನಾಗಿಯೇ ಇತ್ತು. ಆದರೆ ಅದನ್ನು ಮಾಡುವಾಗ ಅವಳು ಒಮ್ಮೆಯೂ ತಲೆ ಕೆರೆದುಕೊಳ್ಳಬೇಕಾಗಿ ಬಂದಿರಲಿಲ್ಲ ಎಂಬುದು ನನಗೆ ಕಸಿವಿಸಿ ಉಂಟುಮಾಡಿತು.

ಹಳೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಅಡ್ಡ ನಾಲ್ಕು, ಉದ್ದ ನಾಲ್ಕು ಚೌಕಗಳನ್ನು ಬರೆದು, ಎರಡನೆಯ ಸಾಲಿನ ಮೂರನೆಯ ಚೌಕಕ್ಕೆ ಮಸಿ ಬಳಿದು, ‘ನಿನ್ನ ಬೆಕ್ಕು ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಹೋಗಬೇಕು, ಬಲಕ್ಕೆ ಅಥವಾ ಕೆಳಕ್ಕೆ ಮಾತ್ರ ಹೆಜ್ಜೆ ಇಡಬಹುದು, ಕಪ್ಪು ಚೌಕವನ್ನು ತುಳಿಯುವ ಹಾಗಿಲ್ಲ. ಒಟ್ಟು ಎಷ್ಟು ದಾರಿಗಳಿವೆ?’ ಎಂದು ಕೇಳಿದೆ. ಅವಳು ಬೆರಳಿನಲ್ಲಿ ಒಂದೊಂದೇ ದಾರಿಯನ್ನು ಎಳೆಯುತ್ತ ಎಣಿಸತೊಡಗಿ, ಒಮ್ಮೆ ಒಂಬತ್ತು, ಇನ್ನೊಮ್ಮೆ ಹನ್ನೆರಡು ಎಂದಳು. ಕಾಫಿ ಕುಡಿದು ಬರುವಷ್ಟರಲ್ಲಿ ಅವಳ ಕ್ರಮವೇ ಬದಲಾಗಿತ್ತು. ‘ಮಾವ, ಯಾವುದೇ ಚೌಕಕ್ಕೆ ಬರಬೇಕಾದರೆ ಮೇಲಿನಿಂದ ಬರಬೇಕು, ಇಲ್ಲಾ ಎಡದಿಂದ ಬರಬೇಕು. ಹಾಗಾದರೆ ಆ ಎರಡನ್ನೂ ಕೂಡಿಸಿದರೆ ಸಾಕಲ್ಲವೇ?’ ಹಾಗೆ ಪ್ರತಿ ಚೌಕದಲ್ಲೂ ಅಲ್ಲಿಗೆ ಬರುವ ದಾರಿಗಳ ಸಂಖ್ಯೆ ಬರೆದಳು. ಮೊದಲ ಸಾಲಿಗೆಲ್ಲ ಒಂದು. ಎರಡನೆಯ ಸಾಲಿಗೆ 1, 2, 0, 1. ಮೂರನೆಯದಕ್ಕೆ 1, 3, 3, 4. ಕೊನೆಯದಕ್ಕೆ 1, 4, 7, 11. ಉತ್ತರ ಹನ್ನೊಂದು. ಪದವಿ ತರಗತಿಗಳಲ್ಲಿ ಡೈನಾಮಿಕ್ ಪ್ರೋಗ್ರಾಮಿಂಗ್ ಎಂದು ದೊಡ್ಡ ಹೆಸರಿಟ್ಟು ಕಲಿಸುವ ವಿಧಾನ ಇದೇ ಎಂದು ನಾನು ಆಗ ಅವಳಿಗೆ ಹೇಳಲಿಲ್ಲ.

ಇಂತಹ ಯೋಚನೆಯನ್ನೇ ಪರೀಕ್ಷಿಸುವ ಒಂದು ಸ್ಪರ್ಧೆ ನಮ್ಮ ದೇಶದಲ್ಲಿ ಬಹಳ ಕಾಲದಿಂದ ನಡೆಯುತ್ತಿದ್ದರೂ ನಮ್ಮ ಕಡೆಯ ಹೈಸ್ಕೂಲುಗಳಲ್ಲಿ ಅದರ ಹೆಸರು ಕೇಳಿಬರುವುದು ಕಡಿಮೆ. ಐಎಆರ್‌ಸಿಎಸ್ ಎಂಬ, ಕಂಪ್ಯೂಟರ್ ವಿಜ್ಞಾನದ ಸಂಶೋಧಕರ ಸಂಘವು ನಡೆಸುವ ಇಂಡಿಯನ್ ಕಂಪ್ಯೂಟಿಂಗ್ ಒಲಿಂಪಿಯಾಡ್ ಅದು. ಅದರ ಮೊದಲ ಮೆಟ್ಟಿಲಿಗೆ ಎರಡು ಬಾಗಿಲುಗಳಿವೆ. ಪ್ರೋಗ್ರಾಂ ಬರೆಯಬಲ್ಲವರಿಗೆ ಜೆಡ್‌ಸಿಒ. ಪೆನ್ನು, ಕಾಗದ ಮಾತ್ರ ಬಲ್ಲವರಿಗೆ ಜೆಡ್‌ಐಒ. ಎರಡನೆಯದರಲ್ಲಿ ಕೋಡಿಂಗ್ ಇಲ್ಲವೇ ಇಲ್ಲ. ಮೇಲಿನ ಚೌಕಗಳಂತಹ ಒಗಟನ್ನು ಕೊಟ್ಟು, ಬೇರೆ ಬೇರೆ ದತ್ತಾಂಶಗಳಿಗೆ ಉತ್ತರವನ್ನು ಕೈಯಲ್ಲೇ ಲೆಕ್ಕ ಹಾಕಲು ಹೇಳುತ್ತಾರೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಗುವಿಗೂ ತೆರೆದಿರುವ ಬಾಗಿಲಾದ್ದರಿಂದ ನನಗೆ ಇದೇ ಹೆಚ್ಚು ಮುಖ್ಯವೆನಿಸುತ್ತದೆ. ಮುಂದಿನ ಹಂತವಾದ ಐಎನ್‌ಒಐನಲ್ಲಿ ಪ್ರೋಗ್ರಾಂ ಬರೆಯಲೇಬೇಕು. ಅದರಲ್ಲಿ ಮೇಲೆ ಬಂದವರಿಗೆ ತರಬೇತಿ ಶಿಬಿರ, ಅಲ್ಲಿಂದ ನಾಲ್ವರಿಗೆ ಅಂತರರಾಷ್ಟ್ರೀಯ ಸ್ಪರ್ಧೆಯಾದ ಐಒಐ. 1989ರಲ್ಲಿ ಬಲ್ಗೇರಿಯಾದಲ್ಲಿ ಆರಂಭವಾದ ಆ ಸ್ಪರ್ಧೆಗೆ ಭಾರತ 2002ರಿಂದ ತಂಡ ಕಳಿಸುತ್ತಿದೆ. ಎರಡು ದಿನ, ದಿನಕ್ಕೆ ಐದು ಗಂಟೆ, ಮೂರು ಪ್ರಶ್ನೆ.

ಐಒಐನಲ್ಲಿ ಸ್ಪರ್ಧೆಯ ಹಿಂದಿನ ರಾತ್ರಿ ತಂಡಗಳ ಮುಖ್ಯಸ್ಥರು ನಿದ್ದೆಗೆಟ್ಟು ಪ್ರಶ್ನೆಗಳನ್ನು ತಮ್ಮ ಮಕ್ಕಳ ಭಾಷೆಗೆ ಅನುವಾದಿಸುತ್ತಾರೆ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ. ನಮ್ಮ ಜೆಡ್‌ಐಒದ ಹಳೆಯ ಪ್ರಶ್ನೆಪತ್ರಿಕೆಗಳು ಇರುವುದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಹುಡುಗಿಗೆ ಒಗಟಿಗಿಂತ ಮೊದಲು ಒಗಟಿನ ವಿವರಣೆಯೇ ತೊಡಕಾಗುತ್ತದೆ. ರಜೆಯಲ್ಲಿ ನಾನು ಮಾಡಿದ ಕೆಲಸವೆಂದರೆ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಆ ಪ್ರಶ್ನೆಗಳನ್ನು ದಿನಕ್ಕೊಂದರಂತೆ ಕನ್ನಡದಲ್ಲಿ ಬರೆದುಕೊಟ್ಟದ್ದು ಅಷ್ಟೇ.

ಪ್ರೋಗ್ರಾಂ ಬರೆಯತೊಡಗಿದ ಮೇಲೆ ಬೇರೆಯೇ ಪಾಠ ಶುರುವಾಗುತ್ತದೆ. ಒಂದು ಲಕ್ಷ ಸಂಖ್ಯೆಗಳಲ್ಲಿ ಕೂಡಿದರೆ ನಿಗದಿತ ಮೊತ್ತ ಬರುವ ಜೋಡಿ ಇದೆಯೇ ಎಂದು ಹುಡುಕುವ ಪ್ರಶ್ನೆಗೆ ಅವಳು ಪ್ರತಿಯೊಂದನ್ನೂ ಪ್ರತಿಯೊಂದರ ಜೊತೆ ಕೂಡಿಸಿ ನೋಡಿದಳು. ಉತ್ತರ ಸರಿಯೇ, ಆದರೆ ಪರದೆಯ ಮೇಲೆ ‘ಟೈಮ್ ಲಿಮಿಟ್ ಎಕ್ಸೀಡೆಡ್’ ಎಂದು ಬಂತು, ಅಂದರೆ ಕೊಟ್ಟ ಸಮಯ ಮೀರಿತು. ಒಂದು ಲಕ್ಷ ಸಂಖ್ಯೆಗಳಲ್ಲಿ ಸುಮಾರು 500 ಕೋಟಿ ಜೋಡಿಗಳಿರುತ್ತವೆ. ಸೆಕೆಂಡಿಗೆ ಹತ್ತು ಕೋಟಿ ನೋಡಿದರೂ ಐವತ್ತು ಸೆಕೆಂಡು ಬೇಕು. ಮೊದಲು ಏರಿಕೆಯ ಕ್ರಮದಲ್ಲಿ ಜೋಡಿಸಿಕೊಂಡು, ಎರಡು ತುದಿಗಳಿಂದ ಒಳಕ್ಕೆ ಸರಿಯುತ್ತ ಬಂದರೆ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಸರಿಯಾದ ಉತ್ತರವನ್ನೂ ಯಂತ್ರವೊಂದು ತಿರಸ್ಕರಿಸಬಹುದು ಎಂಬುದು ಶಾಲೆಯ ಅಂಕಗಳಿಗೆ ಒಗ್ಗಿಹೋದ ಅವಳಿಗೆ ಅವಮಾನದಂತೆ ಕಂಡಿತು. ಅರ್ಧ ದಿನ ಮುನಿಸಿಕೊಂಡಿದ್ದಳು.

ಅಭ್ಯಾಸಕ್ಕೆ ಕೊರತೆಯಿಲ್ಲ. ಫಿನ್ಲೆಂಡಿನ ಸಿಎಸ್‌ಇಎಸ್ ಪ್ರಶ್ನೆಸಂಗ್ರಹ, ನಮ್ಮದೇ ದೇಶದ ಕೋಡ್‌ಷೆಫ್, ಹೊರದೇಶದವರಿಗೂ ಮುಕ್ತವಾಗಿರುವ ಅಮೆರಿಕದ ಯುಎಸ್‌ಎಸಿಒ ಸ್ಪರ್ಧೆ, ಇವುಗಳಲ್ಲಿ ಬಹುಪಾಲು ಹಣ ಕೇಳದೆ ಸಿಗುತ್ತದೆ. ಪ್ರೋಗ್ರಾಂ ಬರೆಯುವ ಭಾಷೆಗಳಲ್ಲಿ ಪೈಥಾನ್‌ನಿಂದ ಆರಂಭಿಸುವುದು ಸುಲಭ. ಐಒಐ ಕಡೆಗೆ ಕಣ್ಣಿಟ್ಟವರು ಸಿ ಪ್ಲಸ್ ಪ್ಲಸ್‌ಗೆ ಬರಲೇಬೇಕು. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟಿನ ಮಾಧವನ್ ಮುಕುಂದ್ ಅವರ ಪೈಥಾನ್ ಪಾಠಗಳು ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿವೆ. ಅವಸರವಿಲ್ಲದ ಆ ವಿವರಣೆ ನನಗೂ ಉಪಯೋಗಕ್ಕೆ ಬಂತು.

ಅವಳ ಶಾಲೆಯ ಕಂಪ್ಯೂಟರ್ ಕೊಠಡಿ ತೆರೆಯುವುದು ಶನಿವಾರ ಮಾತ್ರ. ಹಾಗಾಗಿ ವಾರವಿಡೀ ಪ್ರೋಗ್ರಾಂಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು, ತಪ್ಪುಗಳನ್ನು ಕಾಗದದ ಮೇಲೆಯೇ ಹುಡುಕಿ, ಶನಿವಾರ ಟೈಪ್ ಮಾಡುತ್ತಾಳೆ. ಹೋದ ವಾರ ಫೋನು ಮಾಡಿ, ಬೆಕ್ಕಿಗೆ ಮೇಲಕ್ಕೂ ಹೋಗಲು ಬಿಟ್ಟರೆ ತನ್ನ ಕೂಡಿಸುವ ಕ್ರಮ ಏಕೆ ಕೆಡುತ್ತದೆ ಎಂದು ಕೇಳಿದಳು. ಉತ್ತರ ಹೇಳಲು ನಾನೂ ಹಾಳೆ ತೆಗೆದುಕೊಂಡು ಕೂರಬೇಕಾಯಿತು.